ಲಾಡ್ಜಿನಲ್ಲಿ ಭಾವನನ್ನು ಬಚ್ಚಿಟ್ಟದ್ದು

ನಿಯಮಗಳನ್ನು ಪೂರ್ತಿ ಓದಿ ಸಹಿ ಹಾಕುವವರು ಲೋಕದಲ್ಲಿ ಬಹಳ ಕಡಿಮೆ. ಆ ಕೆಲವರಲ್ಲಿ ನಾನೂ ಒಬ್ಬ. ಬಸ್ ಟಿಕೆಟಿನ ಹಿಂಬದಿಯನ್ನೂ ಬಿಡದೆ ಓದುತ್ತೇನೆ. ಆದ್ದರಿಂದ ಮೂಡುಬಿದಿರೆಯ ಆ ಲಾಡ್ಜಿನ ಕೌಂಟರಿನ ಮುಂದೆ ನಿಂತಾಗ ನನಗೆ ಎಳ್ಳಷ್ಟೂ ಅಳುಕು ಇರಲಿಲ್ಲ.

ಮರುದಿನ ನನ್ನ ಹೆಂಡತಿ ವಾರಿಜಳ ಅಕ್ಕನ ಮಗಳ ಮದುವೆ. ಮೆಲ್ಕಾರಿನಲ್ಲಿ ಮನೆ ಇಟ್ಟುಕೊಂಡು ಮೂಡುಬಿದಿರೆಯಲ್ಲಿ ರೂಮು ಮಾಡುವುದೆಂದರೆ ನಮ್ಮ ಕಡೆ ನಗೆಪಾಟಲಿನ ವಿಷಯ. ಬಿ.ಸಿ.ರೋಡಿಗೆ ಬಂದು ಒಂದು ಬಸ್ಸು ಹತ್ತಿದರೆ ಮುಗಿಯಿತು. ಆದರೆ ಮುಹೂರ್ತ ಬೆಳಿಗ್ಗೆ ಬೇಗ ಇತ್ತು, ಅಕ್ಕನ ಮನೆ ಜಗಲಿಯವರೆಗೂ ತುಂಬಿತ್ತು. ಬೇರೆ ಯಾರೂ ಎದುರಿಗೆ ನಿಂತಿರದ ಒಂದು ಕನ್ನಡಿ ಬೇಕೆಂದು ವಾರಿಜ ಹಟ ಹಿಡಿದಿದ್ದಳು.

ಮ್ಯಾನೇಜರ್ ಕನ್ನಡವನ್ನು ಪರೀಕ್ಷೆಯ ಉತ್ತರದಂತೆ ನಿಧಾನವಾಗಿ ಮಾತಾಡುವ ಮನುಷ್ಯ. ರೂಮು ಇಬ್ಬರಿಗೆ ಮಾತ್ರ, ನೋಡಲು ಬಂದವರು ಒಂಬತ್ತರ ಒಳಗೆ ಹೊರಡಬೇಕು ಎಂದರು. ಯಾರಾದರೂ ರಾತ್ರಿ ಉಳಿಯುವುದಾದರೆ ಅವರೇ ಕೌಂಟರಿಗೆ ಬಂದು, ಗುರುತಿನ ಚೀಟಿ ತೋರಿಸಿ, ಹೆಸರು ಬರೆಸಬೇಕು. ಹೆಚ್ಚುವರಿ ಚಾರ್ಜು ಬೇರೆ.

"ಒಳ್ಳೆಯ ನಿಯಮ ಮಾರಾಯ್ರೆ," ಎಂದೆ ನಾನು. "ಶಿಸ್ತು ಅಂದರೆ ಹೀಗಿರಬೇಕು."

ಈ ಮಾತನ್ನು ಅವರು ಚೆನ್ನಾಗಿ ನೆನಪಿಟ್ಟುಕೊಂಡರು ಎಂಬುದು ಆಮೇಲೆ ತಿಳಿಯಿತು.

ಸಂಜೆ ಅಕ್ಕನ ಮನೆಯಲ್ಲಿ ಮದರಂಗಿ. ಅಲ್ಲಿ ಬೆಳ್ತಂಗಡಿಯ ಸಂಕಪ್ಪ ಭಾವ ಸಿಕ್ಕಿದರು. ಇವರು ವಾರಿಜಳ ಅಣ್ಣ, ಅಂದರೆ ಮದುಮಗಳ ಸೋದರಮಾವ. ಮರುದಿನ ಧಾರೆ ಎರೆಯುವಾಗ ಮುಂದೆ ನಿಲ್ಲಬೇಕಾದವರು. ಬಹಳ ಒಳ್ಳೆಯವರು, ಆದರೆ ಮುನಿಸು ಮೂಗಿನ ತುದಿಯಲ್ಲಿಯೇ ಇರುತ್ತದೆ. ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಎರಡನೆಯ ಸಲ ಯಾರೂ ಕರೆಯಲಿಲ್ಲವೆಂದು ಹಸಿದ ಹೊಟ್ಟೆಯಲ್ಲಿಯೇ ಬಸ್ಸು ಹತ್ತಿದವರು. ಈ ಮದುವೆಯಲ್ಲಿ ಅವರು ಬಸ್ಸು ಹತ್ತಿದರೆ ಧಾರೆಯ ಹೊತ್ತಿಗೆ ಅಕ್ಕ ಬೀಗರಿಗೆ ಮುಖ ತೋರಿಸುವುದು ಹೇಗೆ?

ಹೊರಡುವಾಗ ನಾನು ಉಪಚಾರಕ್ಕೆ, "ರಾತ್ರಿ ನಮ್ಮ ರೂಮಿಗೇ ಬನ್ನಿ ಭಾವ," ಎಂದೆ. ನಮ್ಮ ಕಡೆ ಇದಕ್ಕೊಂದು ಕ್ರಮವಿದೆ. ಕರೆಯುವವರು ಒತ್ತಾಯ ಮಾಡಬೇಕು, ಕರೆಸಿಕೊಂಡವರು ಬೇಡವೇ ಬೇಡ ಎನ್ನಬೇಕು. ಇನ್ನೊಮ್ಮೆ ಒತ್ತಾಯ, ಇನ್ನೊಮ್ಮೆ ಬೇಡ. ಕೊನೆಗೆ ಇಬ್ಬರೂ ಸಂತೋಷದಿಂದ ಅವರವರ ದಾರಿ ಹಿಡಿಯಬೇಕು. ಅನಾದಿ ಕಾಲದಿಂದ ನಡೆದು ಬಂದದ್ದು ಹೀಗೆಯೇ. ಸಂಕಪ್ಪ ಭಾವ ಒಂದು ಗಳಿಗೆ ನನ್ನ ಮುಖ ನೋಡಿದರು.

"ಆಯ್ತು. ಹೋಗುವ," ಎಂದರು.

ವಾರಿಜ ನನ್ನನ್ನು ನೋಡಿದ ನೋಟದಲ್ಲಿ ಲಾಡ್ಜಿನ ನಿಯಮಗಳೆಲ್ಲ ಬರೆದಿದ್ದವು.

ಹಣ ಕೊಡುವುದಕ್ಕೆ ನನ್ನ ಅಭ್ಯಂತರವಿರಲಿಲ್ಲ. ಆದರೆ ಭಾವನನ್ನು ಕೌಂಟರಿನ ಮುಂದೆ ನಿಲ್ಲಿಸಿ, "ಇವರು ಹೆಚ್ಚುವರಿ," ಎಂದು ಬರೆಸುವುದು ಹೇಗೆ? ಕರೆದು ತಂದ ನೆಂಟನ ನಿದ್ದೆಗೆ ಬಾಡಿಗೆ ಎಂದು ಕಿವಿಗೆ ಬಿದ್ದರೆ ಸಾಕು, ಅವರು ಅಲ್ಲಿಂದಲೇ ಬೆಳ್ತಂಗಡಿಯ ಬಸ್ಸು ಹುಡುಕುತ್ತಾರೆ. ಆದ್ದರಿಂದ ನಾನು ಅವರನ್ನು ಲಾಡ್ಜಿನ ಕೆಳಗಿರುವ ಹೋಟೆಲಿನ ಅಡುಗೆಮನೆಯ ಪಕ್ಕದ ಮೆಟ್ಟಿಲಿನಿಂದ ಹತ್ತಿಸಿದೆ. ಇಲ್ಲಿಂದ ಯಾಕೆ ಎಂದು ಅವರು ಕೇಳಿದರು. ಲಿಫ್ಟು ಕೆಟ್ಟಿದೆ ಎಂದೆ. ನಾವು ಮೂರನೆಯ ಮಹಡಿ ಮುಟ್ಟುವುದಕ್ಕೂ ಲಿಫ್ಟಿನ ಬಾಗಿಲು ತೆರೆದು ಒಂದು ಕುಟುಂಬವೇ ಹೊರಗೆ ಬರುವುದಕ್ಕೂ ಸರಿಹೋಯಿತು. ಭಾವ ಬದಿಗೆ ಸರಿದು ಅವರಿಗೆ ದಾರಿ ಬಿಟ್ಟರು.

ಅವರ ಕೈಯಲ್ಲಿ ಒಂದು ಚೀಲ ಸಹ ಇರಲಿಲ್ಲ. ಎಷ್ಟು ಸರಳ ಮನುಷ್ಯ ಎಂದುಕೊಂಡು ನನ್ನದೇ ಲುಂಗಿ ಕೊಟ್ಟೆ. ಅದು ಅವರ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಬಂದು ನಿಂತಿತು.

ಸರಿಯಾಗಿ ಒಂಬತ್ತಕ್ಕೆ ರೂಮಿನ ಫೋನು ಬಡಿದುಕೊಂಡಿತು. ಮ್ಯಾನೇಜರ್!

"ಸರ್, ನಿಮ್ಮ ಜೊತೆ ಮೇಲೆ ಬಂದವರ ವಿಷಯ..."

"ಅವರು ಹೋದರು," ಎಂದು ಫೋನಿಟ್ಟೆ.

ಮಂಚದ ಮೇಲೆ ಕುಳಿತಿದ್ದ ಭಾವ, ಯಾರು ಹೋದದ್ದು ಎಂದು ವಿಚಾರಿಸಿದರು. ಕೆಳಗೆ ಕರೆಂಟು ಹೋಗಿದೆಯಂತೆ ಎಂದೆ. ಅಷ್ಟರಲ್ಲಿ ಮತ್ತೆ ಫೋನು. "ಸರ್, ನಾನು ಹೇಳುವುದು ಸ್ವಲ್ಪ ಕೇಳಿ..." ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಫೋನನ್ನು ತೆಗೆದು ಪಕ್ಕಕ್ಕೆ ಮಲಗಿಸಿದೆ.

ಆಮೇಲೆ ಮಲಗುವ ಪ್ರಶ್ನೆ. ಭಾವನಿಗೆ ಮಂಚ, ನನಗೂ ವಾರಿಜಳಿಗೂ ನೆಲ. ತಂಗಿ ನೆಲದಲ್ಲಿ ಮಲಗುವಾಗ ತಾನು ಮಂಚದ ಮೇಲೆ ಹೇಗೆ ಮಲಗುವುದೆಂದು ಭಾವ ಒದ್ದಾಡಿದರು. ನಾನು ಬಿಡಲಿಲ್ಲ. ನೆಲ ನಮ್ಮ ಬೆನ್ನಿಗೆ ಒಳ್ಳೆಯದೆಂದು ವೈದ್ಯರು ಹೇಳಿದ್ದಾರೆ ಎಂದುಬಿಟ್ಟೆ. ಯಾವ ವೈದ್ಯರು ಎಂದು ವಾರಿಜ ನನ್ನ ಕಿವಿಯಲ್ಲಿ ಕೇಳಿದಳು.

ಸ್ವಲ್ಪ ಹೊತ್ತಿಗೆ ಭಾವ ಎದ್ದು ಕುಳಿತರು. "ನಾನು ಒಮ್ಮೆ ಕೆಳಗೆ ಹೋಗಿ ಬರ್ತೇನೆ ಭಾವ."

ಕೆಳಗೆ ಮ್ಯಾನೇಜರ್ ಇದ್ದಾರೆ! ಏನು ಬೇಕಾದರೂ ನಾನೇ ತರುತ್ತೇನೆ ಎಂದು ಬಾಗಿಲಿಗೆ ಅಡ್ಡ ನಿಂತೆ. ಏನೂ ಬೇಡವೆಂದು ಅವರು ಮಲಗಿದರು. ನಾನು ಹಾಸಿದ ಬೆಡ್‌ಶೀಟನ್ನು ಬಾಗಿಲಿನ ಬುಡಕ್ಕೆ ಎಳೆದುಕೊಂಡು, ಬಾಗಿಲಿಗೇ ಬೆನ್ನು ಕೊಟ್ಟು ಮಲಗಿದೆ. ಅತಿಥಿಯನ್ನು ಇಷ್ಟು ಭದ್ರವಾಗಿ ನೋಡಿಕೊಂಡವರು ನನ್ನ ತಾಲೂಕಿನಲ್ಲೂ ಭಾವನ ತಾಲೂಕಿನಲ್ಲೂ ಇರಲಿಕ್ಕಿಲ್ಲ.

ಬೆಳಿಗ್ಗೆ ಬಚ್ಚಲು ಸೇರಿ ಅರ್ಧ ಗಂಟೆಯ ಮೇಲೆ, ಗಡ್ಡಕ್ಕೆ ನೊರೆ ಹಚ್ಚಿಕೊಂಡು ಹೊರಗೆ ಇಣುಕುತ್ತೇನೆ, ಮಂಚ ಖಾಲಿ! ಲುಂಗಿ ಮಡಚಿ ದಿಂಬಿನ ಮೇಲೆ ಇಟ್ಟಿತ್ತು. ಮುಗಿಯಿತು ಕಥೆ, ಭಾವ ಮುನಿಸಿಕೊಂಡು ಹೊರಟರು.

"ಅಣ್ಣ ಎಲ್ಲಿಗೂ ಹೋಗಿರಲಿಕ್ಕಿಲ್ಲ, ಆ ನೊರೆಯಾದರೂ ಒರೆಸಿಕೊಳ್ಳಿ," ಎಂದು ವಾರಿಜ ಸೀರೆಯ ನೆರಿಗೆ ಹಿಡಿದುಕೊಂಡೇ ಕೂಗಿದಳು. ನಾನು ಬನಿಯನಿನಲ್ಲಿಯೇ ಓಡಿದೆ. ನಿಜವಾಗಿಯೂ ಭಯವಾಗಿತ್ತು. ಅಷ್ಟು ಜನರ ಎದುರಿಗೆ ಆ ಹುಡುಗಿಯ ಪಕ್ಕದಲ್ಲಿ ಸೋದರಮಾವ ಇಲ್ಲದೆ ಹೋದರೆ ಅದಕ್ಕೆ ಕಾರಣ ನಾನೊಬ್ಬನೇ.

ಕೌಂಟರಿನ ಮುಂದೆ ಭಾವ ನಿಂತಿದ್ದರು. ಸ್ನಾನ ಮಾಡಿ, ರೇಷ್ಮೆ ಶಾಲು ಹೊದ್ದು, ಕಾಲ ಬಳಿ ಚೀಲ ಇಟ್ಟುಕೊಂಡು, ಮ್ಯಾನೇಜರ ಕೈಗೆ ಒಂದು ಕೀ ಕೊಡುತ್ತಿದ್ದರು. ಲಾಡ್ಜಿನದೇ ಕೀ.

"ಇವರದ್ದು ಎರಡನೆಯ ಮಹಡಿಯಲ್ಲಿ ಎಸಿ ರೂಮು ಉಂಟು ಸರ್," ಎಂದರು ಮ್ಯಾನೇಜರ್, ನನ್ನ ನೊರೆಯನ್ನು ನೋಡಿಯೂ ನೋಡದವರಂತೆ. "ನಿನ್ನೆ ಮಧ್ಯಾಹ್ನವೇ ಬಂದವರು. ಅದನ್ನೇ ನಾನು ಫೋನಿನಲ್ಲಿ ಹೇಳಲಿಕ್ಕೆ ಹೊರಟದ್ದು."

ಅಡುಗೆಮನೆಯ ಮೆಟ್ಟಿಲಿನಲ್ಲಿಯೂ ಕ್ಯಾಮೆರಾ ಇದೆಯಂತೆ. ನಾನು ತುದಿಗಾಲಿನಲ್ಲಿ ಹತ್ತಿದ್ದನ್ನು ಲಾಡ್ಜಿನವರೆಲ್ಲ ಕೂತು ನೋಡಿದ್ದಾರೆ. ಇನ್ನು ಭಾವ ಮಲಗಿದ್ದು ನನ್ನ ರೂಮಿನಲ್ಲಾದ್ದರಿಂದ, ಬೇರೆ ರೂಮು ಇದ್ದರೂ, ಹೆಚ್ಚುವರಿ ಚಾರ್ಜು ನನ್ನ ಬಿಲ್ಲಿಗೇ ಸೇರಿತ್ತು. "ಶಿಸ್ತು ಅಂದರೆ ಹೀಗಿರಬೇಕು ಅಂತ ನೀವೇ ಹೇಳಿದ್ದಲ್ಲವಾ ಸರ್?"

ನಾನು ಭಾವನ ಕಡೆ ತಿರುಗಿದೆ. "ಅಲ್ಲ ಭಾವ, ಎಸಿ ರೂಮು ಬಿಟ್ಟು ನಮ್ಮಲ್ಲಿಗೆ ಎಂತಕ್ಕೆ ಬಂದದ್ದು?"

ಭಾವ ನನ್ನ ಹೆಗಲ ಮೇಲೆ ಕೈಯಿಟ್ಟರು. "ನೀವು ಕರೆದಾಗ ಬೇಡ ಅಂದರೆ ನಿಮಗೆ ಬೇಸರ ಆಗ್ತದೆ ಭಾವ. ನೀವು ಮುನಿಸಿಕೊಂಡು ಮೆಲ್ಕಾರಿನ ಬಸ್ಸು ಹತ್ತಿದರೆ ಮದುವೆಯ ಕಥೆ ಎಂತ? ನಿಮ್ಮನ್ನು ಸ್ವಲ್ಪ ಜಾಗ್ರತೆಯಿಂದ ನೋಡಿಕೊಳ್ಳಬೇಕು ಅಂತ ಮನೆಯವರೆಲ್ಲ ಮೊದಲೇ ಹೇಳಿದ್ದಾರೆ."

ಹಿಂದೆ ಬಂದು ನಿಂತಿದ್ದ ವಾರಿಜಳ ಕಡೆ ನೋಡಿದೆ. ಅವಳು ಗೋಡೆಯ ಮೇಲಿನ ನಿಯಮಗಳನ್ನು ಓದತೊಡಗಿದ್ದಳು.

ಧಾರೆ ಚೆನ್ನಾಗಿಯೇ ಆಯಿತು. ಭಾವ ಮುಂದೆ ನಿಂತರು, ಅಕ್ಕ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ನನ್ನನ್ನು ಮುನಿಸಿನವನು ಎನ್ನುವುದೆ? ಊಟಕ್ಕೆ ವಾರಿಜ ಬಂದು ಕರೆದಳು, ಹಸಿವಿಲ್ಲ ಎಂದೆ. ಅಕ್ಕ ಬಂದು ಕರೆದಳು, ಆಮೇಲೆ ಎಂದೆ. ಕೊನೆಗೆ ಸಂಕಪ್ಪ ಭಾವನೇ ಬಂದು, ಕೈ ಹಿಡಿದು ಎಬ್ಬಿಸಿ, ಮೊದಲ ಪಂಕ್ತಿಯಲ್ಲಿ ಫ್ಯಾನಿನ ಕೆಳಗೆ ಕೂರಿಸಿದ ಮೇಲೆಯೇ ನಾನು ಎಲೆಗೆ ಕೈ ಹಾಕಿದೆ.