ತುತ್ತೂರಿ ಹಬ್ಬಕ್ಕೆ ನಾವಿಬ್ಬರೇ

ಎಲ್ಲಾ ಶುರುವಾಗಿದ್ದು ಎರಡು ದುಂಡು ಪಿನ್ನಿನ ಒಂದು ಅಡಾಪ್ಟರ್‌ನಿಂದ. ಅಂಗಡಿಗೆ ಹೋಗಿ ಕೊಂಡುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸಿಂಗಪುರದ ಟೋವಾ ಪಾಯೋದ ಆ ಬ್ಲಾಕಿನಲ್ಲಿ ಕನ್ನಡದವರು ಯಾರೂ ಅಡಾಪ್ಟರ್ ಕೊಳ್ಳುವುದಿಲ್ಲ. ಒಂಬತ್ತನೇ ಮಹಡಿಯ ವೆಂಕಟೇಶಮೂರ್ತಿ ಅಂಕಲ್ ಹತ್ತಿರ ಒಂದು ಬಿಸ್ಕತ್ತಿನ ಡಬ್ಬ ಇದೆ. ಅದರಲ್ಲಿ ಭೂಮಿಯ ಮೇಲಿರುವ ಅಷ್ಟೂ ದೇಶಗಳ ಪ್ಲಗ್ಗುಗಳಿವೆ. ವಿದೇಶಕ್ಕೆ ಹೊರಟವರು ಮೊದಲು ಗಣಪತಿಗೆ ಕೈ ಮುಗಿದು, ಆಮೇಲೆ ಆ ಡಬ್ಬದ ಮುಂದೆ ಬಂದು ನಿಲ್ಲುವುದು ವಾಡಿಕೆ.

ಹಾಗೆ ಆ ಶನಿವಾರ ಬೆಳಿಗ್ಗೆ ಬಂದು ನಿಂತವನು ಏಳನೇ ಮಹಡಿಯ ಪ್ರಭುದೇವ. ಇಳಕಲ್ ಕಡೆಯವನು. ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ಯಾವ ವಿಮಾನವನ್ನು ಯಾವಾಗ ಬಿಚ್ಚಬೇಕು, ಯಾವಾಗ ಜೋಡಿಸಬೇಕು ಎಂದು ಪ್ಲಾನ್ ಮಾಡುವುದು ಅವನ ಕೆಲಸ. ಇಡೀ ವಿಮಾನ ಬಿಚ್ಚಿ ಜೋಡಿಸುವ ಮನುಷ್ಯನಿಗೆ ತೆರೆದ ಬಾಯನ್ನು ಮುಚ್ಚಿಕೊಳ್ಳಲು ಮಾತ್ರ ಬರುತ್ತಿರಲಿಲ್ಲ.

ಅವನ ಹೊಟ್ಟೆಯಲ್ಲಿ ಅಂದು ಒಂದು ಗುಟ್ಟು ಕುದಿಯುವ ಅಕ್ಕಿಯ ಹಾಗೆ ಮುಚ್ಚಳ ಎತ್ತುತ್ತಿತ್ತು. ಸೆರ್ಬಿಯಾ ದೇಶದಲ್ಲಿ ಗೂಚಾ ಅಂತ ಒಂದು ಹಳ್ಳಿ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಅಲ್ಲಿ ತುತ್ತೂರಿ ಹಬ್ಬ. ದೇಶದಲ್ಲಿರುವ ಬ್ಯಾಂಡಿನವರೆಲ್ಲ ಬಂದು ಸೇರಿ, ಬೀದಿ ಬೀದಿಯಲ್ಲಿ, ಊಟದ ಮೇಜಿನ ಪಕ್ಕದಲ್ಲಿ, ಮಲಗಿದವರ ಕಿಟಕಿಯ ಕೆಳಗೆ ಊದಿದ್ದೇ ಊದಿದ್ದು. ಅಲ್ಲಿಗೆ ಹೆಂಡತಿ ಸುಮಂಗಲಾಳನ್ನು ಹೇಳದೆ ಕೇಳದೆ ಕರೆದುಕೊಂಡು ಹೋಗಬೇಕು. ಇಬ್ಬರೇ.

ಯಾಕೆಂದರೆ ಅವರ ಮದುವೆಯಲ್ಲಿ ಬ್ಯಾಂಡ್ ಬಾರಿಸಿರಲಿಲ್ಲ. ಬ್ಯಾಂಡಿನವರ ಲಾರಿ ಹುನಗುಂದದ ಹತ್ತಿರ ಕೆಟ್ಟು ನಿಂತು, ಅವರು ಬಂದು ಮುಟ್ಟುವಷ್ಟರಲ್ಲಿ ಮಂದಿ ಉಂಡು ಕೈ ತೊಳೆದಿದ್ದರು. ಏಳು ವರ್ಷದಿಂದ ಸುಮಂಗಲಾ ಅದನ್ನು ಮರೆತಿಲ್ಲ. ಸಿಂಗಪುರದಲ್ಲಿ ಯಾರೋ ಚೀನೀ ಅಜ್ಜ ತೀರಿಕೊಂಡು, ಬ್ಲಾಕಿನ ಕೆಳಗಿನ ತೆರೆದ ಹಜಾರವಾದ ವಾಯ್ಡ್ ಡೆಕ್‌ನಲ್ಲಿ ಶವಯಾತ್ರೆಯ ಬ್ಯಾಂಡ್ ಶುರುವಾದರೂ ಆಕೆ ಕಿಟಕಿಯಲ್ಲಿ ನಿಂತು, "ನೋಡ್ರಿ, ಸತ್ತವರಿಗೂ ಬ್ಯಾಂಡ್ ಐತಿ. ನನ್ ಮದುವಿಗೆ ಒಂದ್ ಪೀಪಿ ಸೈತ ಊದ್ಲಿಲ್ಲ" ಅನ್ನುತ್ತಿದ್ದಳು.

ಇನ್ನು ಇಬ್ಬರೇ ಯಾಕೆ ಅಂದರೆ, ಹಿಂದಿನ ವರ್ಷ ಬಾಲಿಗೆ ಇಬ್ಬರೇ ಅಂತ ಹೊರಟರೆ ಬ್ಲಾಕಿಗೆ ಬ್ಲಾಕೇ ಜೊತೆಗೆ ಬಂದಿತ್ತು. ಪ್ರಭುದೇವ ಕೋ-ಆರ್ಡಿನೇಟರ್. ಸಮುದ್ರ ಯಾವ ದಿಕ್ಕಿಗಿದೆ ಎಂದು ಅವನು ನೋಡಲೇ ಇಲ್ಲ. ನಾಲ್ಕು ದಿನವೂ ಹೋಟೆಲಿನ ಕೆಟಲ್‌ನಲ್ಲಿ ಎಲ್ಲರಿಗೂ ಅವಲಕ್ಕಿಗೆ ಬಿಸಿನೀರು ಕಾಯಿಸಿದ್ದ.

"ಅಂಕಲ್, ಒಂದು ಅಡಾಪ್ಟರ್ ಬೇಕಿತ್ತು. ದುಂಡು ಪಿನ್ನಿಂದು."

ವೆಂಕಟೇಶಮೂರ್ತಿ ಅಂಕಲ್ ಡಬ್ಬ ತೆಗೆದರು. ಅವರು ಹೆಚ್ಚು ಮಾತಾಡುವವರಲ್ಲ. ಮಾತಾಡುವ ಖಾತೆ ಅವರ ಮನೆಯಲ್ಲಿ ಭಾಗೀರಥಿ ಆಂಟಿಯದು. ಮೈಸೂರಿನವರು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿದ್ದರೂ ಅವರಿಗೆ ನಡುಮನೆಯ ಮಾತು ಕೇಳಿಸುತ್ತದೆ.

"ದುಂಡು ಪಿನ್ ಅಂದ್ರೆ ಯುರೋಪು! ಯಾವ ದೇಶಾನಪ್ಪ ಪ್ರಭು?" ಸೌಟಿನ ಸಮೇತ ಆಂಟಿ ಬಂದೇ ಬಿಟ್ಟರು.

"ಆಫೀಸ್ ಕೆಲಸ ಆಂಟಿ."

"ಆಫೀಸ್ ಕೆಲಸಕ್ಕೆ ಮುಖ ಹಿಂಗೆ ಹೊಳೆಯುತ್ತಾ? ಮದುವಣಿಗನ ಥರ ಇದೀಯ."

ಅಷ್ಟು ಸಾಕಾಯಿತು. ಮುಚ್ಚಳ ಹಾರಿತು. "ಸೆರ್ಬಿಯಾ ಆಂಟಿ. ಸುಮ್ನೆ ಒಂದು ವಿಚಾರ ಅಷ್ಟೇ, ಇನ್ನೂ ಏನೂ ಬುಕ್ ಮಾಡಿಲ್ಲ. ಸುಮಂಗಲಾಗೆ ಹೇಳ್ಬೇಡಿ, ಸರ್‌ಪ್ರೈಸು."

"ಅಯ್ಯೋ, ನಾನ್ಯಾಕೆ ಹೇಳ್ಲಿ! ಅಲ್ಲಾ, ಆ ಕಡೆಗೆಲ್ಲಾ ವೀಸಾ ಸಿಗೋದು ಕಷ್ಟ ಅಂತಾರಲ್ಲ?"

"ನಮಗೆ ವೀಸಾನೇ ಬೇಡ ಆಂಟಿ. ಹೋದ ವರ್ಷದಿಂದ ನಮ್ಮ ಪಾಸ್‌ಪೋರ್ಟಿಗೆ ಫ್ರೀ."

ಹೇಳಿದ ಮೇಲೆ ಪ್ರಭುದೇವನಿಗೆ ತಿಳಿಯಿತು, ತಾನು ಏನು ಹೇಳಿಬಿಟ್ಟೆ ಎಂದು. ಸಿಂಗಪುರದ ಕನ್ನಡದವರ ಮುಂದೆ ವೀಸಾ ಬೇಡ ಅನ್ನುವುದೂ, ಮದುವೆಮನೆಯಲ್ಲಿ ಎಲೆ ಹಾಕಿದ್ದಾರೆ ಅನ್ನುವುದೂ ಒಂದೇ. ಆಂಟಿಯ ಸೌಟು ಗಾಳಿಯಲ್ಲಿ ನಿಂತಿತು. ಒಳಗೆ ಒಗ್ಗರಣೆ ಸೀದ ವಾಸನೆ ಬಂತು. ಅವರು ತಿರುಗಿ ನೋಡಲಿಲ್ಲ.

ಅವನು ಲಿಫ್ಟಿನಲ್ಲಿ ಕೆಳಗಿಳಿಯುವಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. 'ಚಲೋ ಸೆರ್ಬಿಯಾ' ಎಂಬ ಹೊಸ ವಾಟ್ಸಾಪ್ ಗುಂಪು ಹುಟ್ಟಿತ್ತು. ಅಡ್ಮಿನ್ ಪ್ರಭುದೇವ. ಸುಮಂಗಲಾ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಅದರಲ್ಲಿದ್ದರು. ಆಂಟಿ ಕೊಟ್ಟ ಮಾತಿಗೆ ತಪ್ಪುವವರಲ್ಲ.

ತಿಂಡಿ ಅಂಗಡಿಗಳು ಸಾಲಾಗಿರುವ ಹಾಕರ್ ಸೆಂಟರ್‌ನಲ್ಲಿ ಒಂದು ಕೋಪಿ (ಅಲ್ಲಿಯ ಕಾಫಿ) ಕುಡಿದು ಸುಧಾರಿಸಿಕೊಳ್ಳೋಣ ಎಂದು ಕೂತರೆ ಎದುರಿಗೆ ಹರ್ಷವರ್ಧನ್ ಪ್ರತ್ಯಕ್ಷ. ಒನ್-ನಾರ್ತ್‌ನ ಸಾಫ್ಟ್‌ವೇರ್ ಕಂಪನಿಯ ಹುಡುಗ, ಇನ್ನೂ ಮದುವೆಯಾಗಿಲ್ಲ, ಹೀಗಾಗಿ ವಾರದ ಕೊನೆಯೆಲ್ಲ ಊರವರ ಉಸಾಬರಿಗೆ ಖಾಲಿ. ಕಂಕುಳಲ್ಲಿ ಲ್ಯಾಪ್‌ಟಾಪ್.

"ಪ್ರಭು ಸರ್! ಏನ್ ಸರ್ ಈ ದೇಶ! ವರ್ಷ ಪೂರ್ತಿ ಬರೀ ಹಬ್ಬ! ಜುಲೈನಲ್ಲಿ ಕೋಟೆಯೊಳಗೆ ಮ್ಯೂಸಿಕ್ಕು, ಆಗಸ್ಟ್‌ನಲ್ಲಿ ತುತ್ತೂರಿ, ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲು... ಇವರು ಕೆಲಸ ಯಾವಾಗ ಮಾಡ್ತಾರೆ ಸರ್?"

"ನಿಧಾನಕ್ಕೆ ಮಾತಾಡೋ. ಯಾರು ಯಾರು ಬರ್ತಾರಂತೆ?"

"ಯಾರು ಬರಲ್ಲ ಅಂತ ಕೇಳಿ ಸರ್, ಹೇಳೋದು ಸುಲಭ. ತುತ್ತೂರಿ ಹಬ್ಬಕ್ಕೆ ಎಲ್ಲಾ ರೆಡಿ. ನಾಲ್ಕು ಗಂಟೆಗೆ ವಾಯ್ಡ್ ಡೆಕ್‌ನಲ್ಲಿ ಮೀಟಿಂಗು. ನೀವೇ ಕೋ-ಆರ್ಡಿನೇಟರ್ ಅಂತ ಎಲ್ಲರೂ ಥಂಬ್ಸ್ ಅಪ್ ಹಾಕಿದಾರೆ."

ಪ್ರಭುದೇವ ಕೋಪಿ ಲೋಟ ಕೆಳಗಿಟ್ಟ. ಅದೇ ಹೊತ್ತಿಗೆ ಟ್ರಾವೆಲ್ ಏಜೆಂಟ್ ನವನೀತನ ಫೋನು. ಹರ್ಷನಿಂದ ದೂರ ಓಡಿ, ಮೀನಿನ ಉಂಡೆಯ ಅಂಗಡಿಯ ಹಿಂದೆ ನಿಂತು ಎತ್ತಿದ.

"ಸರ್, ಗೂಚಾದಲ್ಲಿ ಹೋಟೆಲೆಲ್ಲಾ ಫುಲ್. ಒಂದು ಮನೆಯವರು ಒಂದೇ ಒಂದು ಕೋಣೆ ಕೊಡ್ತೀನಿ ಅಂದಿದಾರೆ. ಕಪಲ್ ಪ್ಯಾಕೇಜು. ಬೆಳಿಗ್ಗೆ ಬೆಳಿಗ್ಗೆ ನಿಮ್ಮ ಕಿಟಕಿ ಕೆಳಗೇ ಬ್ಯಾಂಡ್ ಬಂದು ಮದುವೆ ಟ್ಯೂನ್ ಊದುತ್ತೆ! ನೀವಿಬ್ರೂ ಕೆಳಗೆ ಬಂದು ಡ್ಯಾನ್ಸ್ ಮಾಡ್ಬೇಕು, ಊರವರೆಲ್ಲಾ ಚಪ್ಪಾಳೆ ಹೊಡೀತಾರೆ. ಇವತ್ತು ಸಂಜೆ ಒಳಗೆ ಹೂಂ ಅಂದ್ರೆ ಸರಿ, ಇಲ್ಲಾಂದ್ರೆ ಕೋಣೆ ಹೋಯ್ತು."

ಕಿಟಕಿಯ ಕೆಳಗೆ ಬ್ಯಾಂಡು! ಪ್ರಭುದೇವನ ಕಣ್ಣು ತುಂಬಿ ಬಂತು. ಏಳು ವರ್ಷದ ಪೀಪಿಯ ಲೆಕ್ಕ ಒಂದೇ ಬೆಳಿಗ್ಗೆಗೆ ಚುಕ್ತಾ. ಆದರೆ ಈ ದಂಡನ್ನು ಹಿಂದೆ ಕಟ್ಟಿಕೊಂಡು ಹೋದರೆ ಬ್ಯಾಂಡು ಊದುವಾಗ ತಾನು ಒಳಗೆ ಕೆಟಲ್ ಮುಂದೆ ಇರುತ್ತೇನೆ, ಖಂಡಿತ.

ನಾಲ್ಕು ಗಂಟೆಗೆ ವಾಯ್ಡ್ ಡೆಕ್ಕಿನ ಕಲ್ಲಿನ ಬೆಂಚುಗಳು ಭರ್ತಿ. ಆಂಟಿ ಕೋಡುಬಳೆ ಹಂಚುತ್ತಿದ್ದರು. ಅಂಕಲ್ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಅವರ ಗೊರಕೆ ಲಾರಿ ಗೇರು ಬದಲಾಯಿಸಿದ ಹಾಗೆ ಕೇಳುತ್ತಿತ್ತು. ಪ್ರಭುದೇವ ಯೋಚಿಸಿಕೊಂಡು ಬಂದ ಅಸ್ತ್ರ ಬಿಟ್ಟ.

"ಹೇಳೋಕೆ ಬೇಜಾರು. ಆದ್ರೆ ಆ ದೇಶದಲ್ಲಿ ನಮ್ಮಂಥ ಸಸ್ಯಾಹಾರಿಗಳು ಬದುಕೋಕಾಗಲ್ಲ. ತುತ್ತೂರಿ ಹಬ್ಬದಲ್ಲಿ ಬೀದಿ ತುಂಬಾ ಹಂದಿ ಸುಡ್ತಾರೆ. ಲೆಸ್ಕೋವಾಟ್ಸ್ ಅಂತ ಊರಲ್ಲಿ ಬರೀ ಮಾಂಸ ಸುಡೋದೇ ಒಂದು ಹಬ್ಬ. ಇನ್ನೊಂದು ಕಡೆ ಹಂದಿ ಕೊಬ್ಬಿಗೇ ಅಂತ ಬೇರೆ ಹಬ್ಬ."

ಕೋಡುಬಳೆ ಮುರಿಯುವ ಸದ್ದು ನಿಂತಿತು. "ಶಿವ ಶಿವಾ" ಎಂದಿತು ಹಿಂದಿನ ಬೆಂಚು. ಯಾರೋ ಒಬ್ಬರು ಎದ್ದು, ಬಾಲಿಗೇ ಇನ್ನೊಂದು ಸಲ ಹೋಗಬಹುದಲ್ಲ ಅಂದರು. ಪ್ರಭುದೇವನ ಎದೆ ಹಗುರವಾಯಿತು.

"ತಡೀರಿ ಸರ್!" ಹರ್ಷವರ್ಧನ್ ಲ್ಯಾಪ್‌ಟಾಪನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದ. "ಸಿಕ್ತು! ಅಕ್ಟೋಬರ್‌ನಲ್ಲಿ ಕಿಕಿಂಡಾ ಅನ್ನೋ ಊರಲ್ಲಿ ಕುಂಬಳಕಾಯಿ ಹಬ್ಬ! ಯಾರ ಕುಂಬಳಕಾಯಿ ದೊಡ್ಡದು, ಯಾರ ಸೋರೆಕಾಯಿ ಉದ್ದ ಅಂತ ಕಾಂಪಿಟೇಶನ್ನು! ಕುಂಬಳಕಾಯಿ ಸಿಹಿತಿಂಡಿ, ಕುಂಬಳಕಾಯಿ ಸೂಪು..."

"ಕುಂಬಳಕಾಯಿಗೇ ಹಬ್ಬ ಮಾಡ್ತಾರಾ?" ಆಂಟಿ ಎದ್ದು ನಿಂತರು. ಸ್ವಂತ ತಂಗಿಯ ಮಗಳಿಗೆ ಗಂಡು ಸಿಕ್ಕಿದ ಹಾಗೆ ಅವರ ಮುಖ ಅರಳಿತು. "ಎಂಥ ಒಳ್ಳೇ ಜನಾರೀ! ನಾನು ಮಜ್ಜಿಗೆ ಹುಳಿ ಮಾಡಿ ತೋರಿಸ್ತೀನಿ ಅವರಿಗೆ."

ಬೆಂಚುಗಳು ಮತ್ತೆ ಗಿಜಿಗಿಜಿ ಅಂದವು. ಆಗ ಪ್ರಭುದೇವನ ತಲೆಯಲ್ಲಿ ದೀಪ ಹತ್ತಿತು. ಅಕ್ಟೋಬರ್! ತುತ್ತೂರಿ ಆಗಸ್ಟ್, ಕುಂಬಳಕಾಯಿ ಅಕ್ಟೋಬರ್! ದಂಡು ಆ ಕಡೆ, ತಾವಿಬ್ಬರು ಈ ಕಡೆ!

"ಅದ್ಭುತ!" ಎಂದು ಅವನು ಬೆಂಚಿನ ಮೇಲೇ ಹತ್ತಿದ. "ಹೋದ್ರೆ ಕುಂಬಳಕಾಯಿಗೇ ಹೋಗ್ಬೇಕು. ನಮ್ಮ ಜನಕ್ಕೇ ಅಂತ ಮಾಡಿದ ಹಬ್ಬ ಅದು. ಆದ್ರೆ..." ಇಲ್ಲಿ ಧ್ವನಿಯನ್ನು ಸ್ವಲ್ಪ ನಡುಗಿಸಿದ, "ಅಕ್ಟೋಬರ್‌ನಲ್ಲಿ ನಮ್ಮ ಹ್ಯಾಂಗರ್‌ಗೆ ದೊಡ್ಡ ವಿಮಾನ ಬರ್ತಾ ಇದೆ. ನನಗೆ ಒಂದು ದಿನ ರಜೆ ಸಿಗಲ್ಲ. ನನ್ನ ಸೆರ್ಬಿಯಾ ಕನಸು ಇವತ್ತಿಗೆ ಮುಗೀತು ಅಂದ್ಕೊಳ್ಳಿ. ನೀವು ಹೋಗಿ ಬನ್ನಿ. ಫೋಟೋ ಕಳ್ಸಿ, ಸಾಕು."

ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಂಥಾ ಹುಡುಗ ನೋಡಿ. ತನಗಿಲ್ದಿದ್ರೂ ನಮ್ಮನ್ನ ಕಳಿಸ್ತಿದಾನೆ" ಎಂದು ಉಳಿದ ಕೋಡುಬಳೆಯನ್ನೆಲ್ಲ ಅವನ ಅಂಗೈಗೆ ಸುರಿದರು.

ಪ್ರಭುದೇವ ಕೋಡುಬಳೆ ಅಗಿಯುತ್ತಲೇ ಬಸ್ ಸ್ಟಾಪಿನ ಕಡೆಗೆ ಓಡಿ ನವನೀತನಿಗೆ ಫೋನ್ ಹಚ್ಚಿದ. "ಬುಕ್ ಮಾಡ್ರೀ! ಬ್ಯಾಂಡು, ಕೋಣೆ, ಡ್ಯಾನ್ಸು, ಎಲ್ಲಾ!"

"ಕ್ಯಾನ್ಸಲ್ ಆಗಲ್ಲ ಸರ್, ಬ್ಯಾಂಡಿನವರಿಗೆ ಅಡ್ವಾನ್ಸ್ ಹೋಗುತ್ತೆ."

"ಕ್ಯಾನ್ಸಲ್ ಯಾವ ಪುಣ್ಯಾತ್ಮ ಮಾಡ್ತಾನ್ರೀ!"

ಒಂದು ಗಂಟೆ ಅಲೆದು ಮಲ್ಲಿಗೆ ಹೂವು ತಗೊಂಡ. ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡು ಎರಡು ಹೆಜ್ಜೆ ಕುಣಿದು ನೋಡಿದ. ಲಿಫ್ಟಿನಲ್ಲಿದ್ದ ಚೀನೀ ಅಜ್ಜಿ ಮೂಲೆಗೆ ಸರಿದಳು.

ಬಾಗಿಲು ತೆಗೆದ ಸುಮಂಗಲಾಳ ಮುಖ ನೋಡಿ ಅವನು ಹೂವು ಕೊಡುವುದನ್ನೇ ಮರೆತ. ಅಷ್ಟು ಖುಷಿಯಾಗಿದ್ದಳು.

"ರೀ! ಆಂಟಿ ಎಲ್ಲಾ ಹೇಳಿದ್ರು. ನಂಗ ಸರ್‌ಪ್ರೈಸ್ ಕೊಡಾಕ ಹೊಂಟಿದ್ರಂತ, ರಜಾ ಸಿಗಲಾರದ್ದಕ್ಕ ಬಿಟ್ಟು ಕೊಟ್ರಂತ. ಸರ್‌ಪ್ರೈಸ್ ಹೆಂಗೂ ಮುಗೀತಲ್ಲ, ಇನ್ನ ಹೇಳಿದ್ರ ತಪ್ಪಿಲ್ಲ ಅಂತ ಫೋನ್ ಮಾಡಿದ್ರು. ನಾ ಟೆಕ್ಕಾ ಮಾರ್ಕೆಟ್‌ನ್ಯಾಗ ನಿಂತ್ಕೊಂಡ್ ಅತ್ತೇಬಿಟ್ಟೆ ನೋಡ್ರಿ."

"ಅಳಬ್ಯಾಡ ಸುಮಾ, ಕೇಳಿಲ್ಲೆ..."

"ಈಗ ಅಳೂದಿಲ್ರೀ. ನಿಮಗಾಗದಿದ್ರ ಏನಾತು, ನಿಮ್ ಕನಸು ನಾ ಪೂರಾ ಮಾಡ್ತೀನಿ ಅಂತ ಹೆಸರು ಕೊಟ್ಟೆ! ಕಿಕಿಂಡಾಕ್ಕ ಹೆಂಗಸರದೇ ಟೂರ್. ಗಂಡಸ್ರ ಇದ್ರ ಬರೀ ಊಟದ ತಕರಾರು ಅಂತ ಆಂಟಿ ಕೈಬಿಟ್ರು. ನಾನೇ ಕೋ-ಆರ್ಡಿನೇಟರ್! ನಾ ಕೆಲಸಕ್ಕ ಹೋಗೋ ಕ್ಲಿನಿಕ್ಕಿನ ಡಾಕ್ಟರಿಗೆ ಆಗ್ಲೇ ಮೆಸೇಜ್ ಹಾಕ್ದೆ. ಈ ವರ್ಷದ್ದು ಉಳಿದ ರಜಾ ಅಷ್ಟೂ ಅಕ್ಟೋಬರ್‌ಗೆ ಕೊಟ್ಟಾರ."

ಪ್ರಭುದೇವ ಕುರ್ಚಿ ಹುಡುಕಿಕೊಂಡು ಕೂತ. ಆಮೇಲೆ ಒಂದೊಂದೇ ಬಾಯಿ ಬಿಟ್ಟ. ಆಗಸ್ಟ್. ಗೂಚಾ. ಕೋಣೆ. ಕಿಟಕಿ ಕೆಳಗೆ ಬ್ಯಾಂಡು.

ಸುಮಂಗಲಾ ಅವನ ಕೈಯಲ್ಲಿದ್ದ ಮಲ್ಲಿಗೆ ತೆಗೆದುಕೊಂಡಳು. "ನಂಗ ಅಂತ ಬ್ಯಾಂಡ್ ಹಚ್ಚೀರೇನ್ರೀ?" ಎಂದಳು ಮೆಲ್ಲಗೆ.

"ಹೂಂ. ನೀ ಅಕ್ಟೋಬರ್ ರಜಾ ಬಿಡು. ಆಗಸ್ಟಿಗೆ ತಗೋ."

"ಹೆಂಗ ಬಿಡ್ಲಿರೀ? ಅಷ್ಟು ಮಂದಿಗೆ ಮಾತು ಕೊಟ್ಟೀನಿ. ಕೋ-ಆರ್ಡಿನೇಟರೇ ಬಿಟ್ರ ಟೂರೇ ನಿಲ್ತೈತಿ. ನೀವು ಬಾಲಿ ಬಿಟ್ರೇನು?"

ಪ್ರಭುದೇವ ನವನೀತನಿಗೆ ಫೋನ್ ಮಾಡಿ ಅಂಗಲಾಚಿದ. "ಕ್ಯಾನ್ಸಲ್ ಆಗಲ್ಲ ಅಂದಿದ್ದೆನಲ್ಲ ಸರ್. ಬೇಕಾದ್ರೆ ಮೇಡಂ ಬದ್ಲು ಬೇರೆ ಯಾರದಾದ್ರೂ ಹೆಸರು ಹಾಕ್ಸಿ, ಅದು ಫ್ರೀ" ಅಂದ ನವನೀತ.

ಫೋನ್ ಸ್ಪೀಕರಿನಲ್ಲಿತ್ತು. ಬಾಗಿಲೂ ತೆರೆದಿತ್ತು. ಬಾಗಿಲಲ್ಲಿ ವೆಂಕಟೇಶಮೂರ್ತಿ ಅಂಕಲ್ ನಿಂತಿದ್ದರು, ಮನೆ ಬಿಟ್ಟು ಬಂದ ಮಗುವಿನ ಮುಖ ಹೊತ್ತುಕೊಂಡು.

"ಭಾಗೀರಥಿ ನನ್ನ ಬಿಟ್ಟು ಹೊರಟಿದಾಳಪ್ಪ. ಮೂವತ್ತೆಂಟು ವರ್ಷದಲ್ಲಿ ಇದೇ ಮೊದಲು. ನಾನೂ ಬರ್ತೀನಿ ಅಂದ್ರೆ, ಗಂಡಸರಿಗಿಲ್ಲ ಅಂದ್ಳು."

ಸುಮಂಗಲಾಳ ಕಣ್ಣು ಗಂಡನ ಮೇಲಿಂದ ಅಂಕಲ್ ಮೇಲೆ ಹರಿಯಿತು. ಪ್ರಭುದೇವ ಬೇಡ ಬೇಡ ಎಂದು ಹುಬ್ಬಿನಲ್ಲಿ, ಕಣ್ಣಿನಲ್ಲಿ, ಮೂಗಿನಲ್ಲಿ ಕೂಡ ಹೇಳಿದ. ಹೊಸ ಕೋ-ಆರ್ಡಿನೇಟರ್ ನೋಡಲಿಲ್ಲ. "ಅಂಕಲ್, ಯಾಕೆ ಬೇಜಾರು ಮಾಡ್ಕೋತೀರ? ನಮ್ಮವರ ಹತ್ರ ಆಗಸ್ಟ್‌ಗೆ ಒಂದು ಸೀಟ್ ಖಾಲಿ ಇದೆ!"

ಅಂಕಲ್ ಒಳಗೆ ಬಂದು ಕೂತು, ವಿಷಯವನ್ನೆಲ್ಲ ಕೇಳಿಸಿಕೊಂಡರು. ಕೋಣೆಯ ಬಗ್ಗೆ ಕೇಳಿದರು. ಒಂದೇ ಮಂಚ ಎಂದು ತಿಳಿದು, ತಾನು ಗೋಡೆ ಕಡೆ ಮಲಗುತ್ತೇನೆ ಎಂದರು. ಬ್ಯಾಂಡು, ಡ್ಯಾನ್ಸು ಎರಡಕ್ಕೂ ತಲೆಯಾಡಿಸಿದರು. ಆ ಬ್ಲಾಕಿನಲ್ಲಿ ಯಾರೂ ಅವರನ್ನು ಅಷ್ಟು ಖುಷಿಯಲ್ಲಿ ನೋಡಿರಲಿಲ್ಲ.

"ಎಲ್ಲಾ ಸರಿ ಪ್ರಭು, ಒಂದೇ ಒಂದು ಮಾತು" ಎಂದರು, ಅವನ ಕೈ ಹಿಡಿದುಕೊಂಡು. "ಬೆಳಿಗ್ಗೆ ಹೊತ್ತು ನನಗೆ ಮಂಡಿ ಹಿಡ್ಕೊಂಡಿರುತ್ತೆ. ಊರವರ ಮುಂದೆ ಡ್ಯಾನ್ಸ್ ಮಾಡುವಾಗ ಜೋರಾಗಿ ತಿರುಗಿಸಬೇಡಪ್ಪ."