ಸಿಡಿಮದ್ದಿನ ಕಟ್ಟಕಡೆಯ ಆಲ್ಬಂ

ಗಂಡ ಕುಡಿಯುತ್ತಾನೆ, ಇಸ್ಪೀಟು ಆಡುತ್ತಾನೆ ಎಂದರೆ ಹೆಂಗಸಿಗೆ ನಾಲ್ಕು ಜನರ ಅನುಕಂಪವಾದರೂ ಸಿಗುತ್ತದೆ. ಗಂಡ ರಾಕ್ ಬ್ಯಾಂಡಿನಲ್ಲಿದ್ದಾನೆ ಎಂದರೆ ಅದೂ ಸಿಗುವುದಿಲ್ಲ. "ಓ, ಆರ್ಕೆಸ್ಟ್ರಾನಾ? ನಮ್ಮ ಮಗಳ ರಿಸೆಪ್ಷನ್‌ಗೆ ಬರ್ತಾರಾ?" ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ನಮ್ಮ ಯಜಮಾನರ ಎದುರಿಗೇ ಕೇಳಿದವರು ಯಾರೂ ನಮ್ಮ ಮನೆಯಲ್ಲಿ ಎರಡನೇ ಸಲ ಕಾಫಿ ಕುಡಿದಿಲ್ಲ. ಇವರದು ಆರ್ಕೆಸ್ಟ್ರಾ ಅಲ್ಲವಂತೆ, ಬಂಡಾಯವಂತೆ. ವಿಜಯನಗರದ ನಮ್ಮ ಮನೆಯ ತಾರಸಿ ಮೇಲಿನ ಕೋಣೆಯಲ್ಲಿ ಈ ಬಂಡಾಯ ಮೂವತ್ತೈದು ವರ್ಷದಿಂದ ಪ್ರತಿ ಭಾನುವಾರ ತಪ್ಪದೆ ನಡೆಯುತ್ತಿದೆ. ರಾಹುಕಾಲಕ್ಕೆ ಮುಂಚೆ ಮುಗಿದುಹೋಗುತ್ತದೆ.

ಬ್ಯಾಂಡಿನ ಹೆಸರು ಸಿಡಿಮದ್ದು. ಹಾಡುವುದು, ಗಿಟಾರ್ ನುಡಿಸುವುದು ನಮ್ಮ ಯಜಮಾನರು. ನಿವೃತ್ತರಾಗುವ ತನಕ ವಿಮಾ ಕಚೇರಿಯಲ್ಲಿದ್ದರು. ಭಾನುವಾರ ಊರಿಗೇ ಬೆಂಕಿ ಹಚ್ಚುತ್ತೇನೆ ಎಂದು ಕಿರುಚಿ, ಸೋಮವಾರ ಮೊಸರನ್ನದ ಡಬ್ಬಿ ಹಿಡಿದು ಹೋಗಿ ಅದೇ ಊರಿನ ಅಂಗಡಿಗಳಿಗೆ ಬೆಂಕಿ ವಿಮೆ ಮಾಡಿಸುತ್ತಿದ್ದರು. ಡ್ರಮ್ ಬಾರಿಸುವ ಪುಟ್ಟರಾಜಣ್ಣ ಕೆಂಗೇರಿಯಿಂದ ಮೆಟ್ರೋ ಹತ್ತಿ ಬರುತ್ತಾರೆ, ಮಂಡಿಗೆ ಬೆಲ್ಟ್ ಕಟ್ಟಿಕೊಂಡು. ನಮ್ಮ ಮನೆಯ ಮೆಟ್ಟಿಲು ಹತ್ತಿ ಅವರು ಸುಧಾರಿಸಿಕೊಳ್ಳುವಷ್ಟರಲ್ಲಿ ನಾನು ಅನ್ನಕ್ಕಿಟ್ಟು ಇಳಿಸಿರುತ್ತೇನೆ. ಬಾಸ್ ಗಿಟಾರಿನ ಫಿಲಿಪ್ ಬಿನ್ನಿಪೇಟೆಯವರು. ರೆಕಾರ್ಡಿಂಗ್ ಕೆಲಸವೂ ಅವರದೇ. ಇಷ್ಟು ವರ್ಷದಲ್ಲಿ "ಸಕ್ಕರೆ ಕಮ್ಮಿ ಸಿಸ್ಟರ್" ಎಂಬುದರ ಹೊರತು ಅವರ ಬಾಯಿಂದ ನಾನು ಬೇರೆ ಮಾತು ಕೇಳಿರಲಿಲ್ಲ.

ಇವರ ಸಾಧನೆಯೆಂದರೆ ಒಂದು ಕ್ಯಾಸೆಟ್. ಅದು ಬಿಡುಗಡೆಯಾದಾಗ ನಾನು ಹೊಸ ಮದುವಣಗಿತ್ತಿ, ಹೆಮ್ಮೆಯಿಂದ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದ್ದೆ. ಮರುದಿನ ಯಾರೂ ಅದರ ಸುದ್ದಿಯೇ ಎತ್ತಲಿಲ್ಲ, ಲೆಕ್ಕದ ಮೇಷ್ಟ್ರು ಮಾತ್ರ "ತಲೆನೋವಿಗೆ ಏನಾದ್ರೂ ಇದೆಯಾ ಮೇಡಂ?" ಎಂದು ಕೇಳಿದರು. ಮಾರಾಟವಾಗದೆ ಉಳಿದ ಕ್ಯಾಸೆಟ್‌ಗಳು ಅಟ್ಟದಲ್ಲಿದ್ದವು. ಅವುಗಳ ಟೇಪನ್ನು ಎಳೆದು ನಾನು ಬೇಸಿಗೆಯಲ್ಲಿ ಸಂಡಿಗೆಯ ಸುತ್ತ ಕಟ್ಟುತ್ತೇನೆ. ಬಿಸಿಲಿಗೆ ಫಳಫಳ ಹೊಳೆಯುತ್ತದೆ, ಒಂದು ಕಾಗೆಯೂ ಹತ್ತಿರ ಸುಳಿಯುವುದಿಲ್ಲ. ಸಿಡಿಮದ್ದು ಯಾರನ್ನಾದರೂ ನಡುಗಿಸಿದ್ದರೆ ಅದು ವಿಜಯನಗರದ ಕಾಗೆಗಳನ್ನೇ.

ಆದರೂ ಈ ಬ್ಯಾಂಡ್ ಮೂರು ಸಲ ನಿವೃತ್ತಿ ಘೋಷಿಸಿದೆ. ಮೂರು ಸಲವೂ ಬಡಾವಣೆಯ ಸಂಘದವರು ಪಾರ್ಕಿನಲ್ಲಿ ಶಾಮಿಯಾನ ಹಾಕಿಸಿ ಸನ್ಮಾನ ಮಾಡಿದ್ದಾರೆ. ಮೂವರು ಬಂಡಾಯಗಾರರು ಮೈಸೂರು ಪೇಟ ತೊಟ್ಟು, ಶಾಲು ಹೊದ್ದು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವ ಮೂರು ಫೋಟೊಗಳು ನಮ್ಮ ಹಾಲಿನಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಬದಲಾಗಿರುವುದು ಹೊಟ್ಟೆಯ ಸುತ್ತಳತೆ ಮಾತ್ರ. ಹಣ್ಣು ಮುಗಿಯುವ ಹೊತ್ತಿಗೆ ನಿವೃತ್ತಿಯೂ ಮುಗಿದಿರುತ್ತದೆ.

ನಗುವುದು ಸುಲಭ. ಆದರೆ ನನಗೆ ಆ ಕೋಣೆ ಬೇಕಾಗಿತ್ತು. ಮೂವತ್ತನಾಲ್ಕು ವರ್ಷ ಸ್ಕೂಲಿನಲ್ಲಿ ಗದ್ದಲ, ಮನೆಗೆ ಬಂದರೆ ಡ್ರಮ್ಮು. ಪೇಪರ್ ತಿದ್ದಿದ್ದು ಊಟದ ಮೇಜಿನ ಮೇಲೆ, ಕಣ್ಣೀರು ಹಾಕಿದ್ದು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು. ನನ್ನದು ಎನ್ನುವ ಒಂದು ಮೂಲೆ ಈ ಮನೆಯಲ್ಲಿ ಇರಲಿಲ್ಲ, ಅದರ ನೋವು ನನಗೆ ನಿಜವಾಗಿಯೂ ಇತ್ತು. ಕಳೆದ ವರ್ಷ ನಾನೂ ನಿವೃತ್ತಳಾದ ದಿನವೇ ಹೇಳಿಬಿಟ್ಟೆ, "ನಂಗೆ ಆ ರೂಮ್ ಬೇಕು ರೀ. ಒಂದು ಕುರ್ಚಿ, ಒಂದು ಕಿಟಕಿ, ಬಾಗಿಲಿಗೆ ಒಳಗಿಂದ ಒಂದು ಚಿಲಕ. ಅಷ್ಟೇ."

ಯಜಮಾನರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಆಮೇಲೆ, "ಇನ್ನೊಂದೇ ಒಂದು ಆಲ್ಬಂ ಕಣೇ. ಕಟ್ಟಕಡೆಯದು. ಅದಾದ್ಮೇಲೆ ರೂಮ್ ನಿಂದೇ, ದೇವರಾಣೆ" ಎಂದರು. ದೇವರಾಣೆಗಳು ಎಷ್ಟು ದಿನ ಬಾಳುತ್ತವೆಂದು ನನಗೆ ಗೊತ್ತಿಲ್ಲವೇ! ಹೋಂವರ್ಕ್ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ.

ಒಳ್ಳೆಯ ಮುಹೂರ್ತ ನೋಡಿ ರೆಕಾರ್ಡಿಂಗ್ ಶುರುವಾಯಿತು. ಸಂಪ್ರದಾಯದ ಸಂಕೋಲೆ ಕಡಿಯುವ ಹಾಡಿಗೆ ಮೊದಲು ಡ್ರಮ್ಮಿನ ಕೆಳಗೆ ನಿಂಬೆಹಣ್ಣಿಟ್ಟು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. ಒಂಬತ್ತು ಹಾಡು ಮುಗಿದವು. ಹತ್ತನೆಯದು ಕೂರಲಿಲ್ಲ. ನಡುವೆ ಎಲ್ಲೋ ಜೀವ ಸಾಲದು ಎಂದು ಯಜಮಾನರು ಎರಡು ವಾರ ಊಟ ಬಿಟ್ಟರು, ಅಂದರೆ ರಾತ್ರಿ ಚಪಾತಿಗೆ ಇಳಿದರು.

ಆ ಭಾನುವಾರ ಬೆಳಿಗ್ಗೆಯೇ ನಾನು ಅಕ್ಕಿ ಹಿಟ್ಟು ಕಾಸಿ, ನಮ್ಮತ್ತೆಯವರ ಹಳೇ ನೂಲಿನ ಸೀರೆ ಹಾಸಿ ತಾರಸಿ ತುಂಬ ಸಂಡಿಗೆ ಇಟ್ಟು ಬಂದಿದ್ದೆ. ಹನ್ನೊಂದು ಗಂಟೆಗೆ ಕಾಫಿ ಹಿಡಿದು ಮೇಲೆ ಹೋದರೆ ಸೀರೆ ಇಲ್ಲ. ದೊಡ್ಡ ಡ್ರಮ್ಮಿನ ಸದ್ದು ತೀರಾ ಮೊಳಗುತ್ತಿದೆ, ಒಳಗೆ ಮೆತ್ತನೆ ಬಟ್ಟೆ ತುರುಕಬೇಕು ಎಂದು ಮೂವರೂ ಸೇರಿ ಅದನ್ನು ಎಳೆದುಕೊಂಡು ಹೋಗಿದ್ದರು. ಸಂಡಿಗೆ ಹಾಳಾಗಬಾರದಲ್ಲ ಎಂದು ಒಂದೊಂದಾಗಿ ಕಿತ್ತು, ಅರೆ ಒಣಗಿದ್ದನ್ನು ಹಾಗೇ ನ್ಯೂಸ್‌ಪೇಪರಿನ ಮೇಲೆ ಸಾಲಾಗಿ ಜೋಡಿಸಿದ್ದರು! ಸಾಲು ಮಾತ್ರ ಬಹಳ ಅಚ್ಚುಕಟ್ಟಾಗಿತ್ತು.

ಒಳಗೆ ನುಗ್ಗಿದೆ. "ಪೇಪರ್ ಮೇಲೆ ಸಂಡಿಗೆ! ಹಸಿ ಸಂಡಿಗೇನ ಪೇಪರ್ ಮೇಲೆ ಹಾಕಿದೀರಲ್ರೀ! ಅಕ್ಷರ ಎಲ್ಲಾ ಅಂಟ್ಕೊಂಡು ಕೂತಿದೆ, ಕರಿದು ತಿನ್ನೋದಾ, ಓದೋದಾ? ಮೂವತ್ತೈದು ವರ್ಷ ಕಿವಿ ಕೊಟ್ಟೆ, ಕಾಫಿ ಕೊಟ್ಟೆ, ರೂಮ್ ಕೊಟ್ಟೆ, ಈಗ ಸೀರೇನೂ ಬೇಕಾಯ್ತಾ? ಜಗತ್ತು ಬದಲಾಯಿಸ್ತಾರಂತೆ ಜಗತ್ತು! ಒಂದು ಬಲ್ಬ್ ಬದಲಾಯಿಸಿದೀರಾ ಈ ಮನೇಲಿ?" ಎಂದು ಶುರುಮಾಡಿದವಳು ನಾಲ್ಕು ನಿಮಿಷ ನಿಲ್ಲಲಿಲ್ಲ. ಯಜಮಾನರು ಗಿಟಾರ್ ಅಪ್ಪಿಕೊಂಡು ಗೋಡೆಗೆ ಅಂಟಿದ್ದರು. ಪುಟ್ಟರಾಜಣ್ಣನ ಕಾಲು ಮಾತ್ರ ತನ್ನ ಪಾಡಿಗೆ ದುಮ್ ದುಮ್ ಎನ್ನುತ್ತಲೇ ಇತ್ತು. "ಏನಣ್ಣ, ಇನ್ನೂ ಬಾರಿಸ್ತಾನೇ ಇದೀರಲ್ಲ?" ಎಂದರೆ, "ನೀವು ತಾಳ ತಪ್ಪಲಿಲ್ಲವಲ್ಲ ಅಕ್ಕ, ಹೆಂಗ್ ನಿಲ್ಲಿಸ್ಲಿ?" ಎಂದರು. ಫಿಲಿಪ್ ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತಿ, ತಲೆ ತಗ್ಗಿಸಿ, ಮೆಲ್ಲಗೆ "ಓಕೆ" ಎಂದರು. ಪಾಪ, ಪಶ್ಚಾತ್ತಾಪ ಎಂದುಕೊಂಡೆ.

ಬಿಡುಗಡೆ ಮತ್ತದೇ ಪಾರ್ಕಿನಲ್ಲಿ. ಸಂಘದ ಅಧ್ಯಕ್ಷರು ಒಳಚರಂಡಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು; ಪೇಟಗಳು ಬಂದವು. ನಾನು ಮುಂದಿನ ಸಾಲಿನಲ್ಲಿ ಕೂತು ಮನಸ್ಸಿನಲ್ಲೇ ಕೋಣೆಗೆ ಪರದೆಯ ಬಣ್ಣ ಆರಿಸುತ್ತಿದ್ದೆ. ಒಂಬತ್ತು ಹಾಡುಗಳನ್ನು ಜನ ಮೊಬೈಲ್ ನೋಡುತ್ತ ಸಹಿಸಿಕೊಂಡರು. ಹತ್ತನೆಯದು ಶುರುವಾಯಿತು. ನಡುವೆ ಗಿಟಾರ್ ನಿಂತಿತು. ಸ್ಪೀಕರಿನಿಂದ ಇಡೀ ವಿಜಯನಗರಕ್ಕೆ ಕೇಳುವಂತೆ ನನ್ನ ದನಿ ಬಂತು: "ಪೇಪರ್ ಮೇಲೆ ಸಂಡಿಗೆ!"

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಾನು ಕುರ್ಚಿಯಲ್ಲೇ ಕುಗ್ಗಿದೆ. ಆದರೆ ಹಿಂದೆ ಹೆಂಗಸರೆಲ್ಲ ಎದ್ದು ನಿಂತಿದ್ದರು. ಹುಡುಗರು "ಒನ್ಸ್ ಮೋರ್ ಆಂಟೀ!" ಎಂದು ಶಿಳ್ಳೆ ಹೊಡೆದರು. ಒಂದು ವಾರದೊಳಗೆ ತರಕಾರಿಯವಳು "ಸಂಡಿಗೆ ಅಕ್ಕ ನೀವೇನಾ?" ಎಂದು ಎರಡು ಕಟ್ಟು ಸೊಪ್ಪು ಸುಮ್ಮನೆ ಕೊಟ್ಟಳು. ವಿಮರ್ಶಕರೊಬ್ಬರು ಇದು ಪತ್ರಿಕೋದ್ಯಮದ ಮೇಲಿನ ನೇರ ದಾಳಿ ಎಂದು ಬರೆದರು, ಅದೂ ಪತ್ರಿಕೆಯಲ್ಲೇ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಸಿಡಿಮದ್ದು ಸಿಡಿದಿತ್ತು. ಕಡ್ಡಿ ಗೀರಿದವಳು ನಾನೇ.

ಅಂದು ವೇದಿಕೆಯ ಮೇಲೆಯೇ ಯಜಮಾನರು ಪೇಟ ತೆಗೆದು, ಅಭಿಮಾನಿಗಳ ಒತ್ತಾಯಕ್ಕೆ ಮಣಿದು ನಿವೃತ್ತಿಯನ್ನು ಹಿಂತೆಗೆದುಕೊಂಡರು. ಮನೆಗೆ ಬಂದವಳೇ ನಾನು ಹೋಂವರ್ಕ್ ಪುಸ್ತಕ ಹುಡುಕಿ, ಸಹಿ ಇದ್ದ ಹಾಳೆ ತೆರೆದು, ಅವರ ಮುಂದೆ ನಿಂತೆ. ಕೇಳಬೇಕಾದದ್ದು ಬಹಳವಿತ್ತು. ಬಾಯಿಂದ ಬಂದದ್ದು ಮಾತ್ರ, "ರೀ, ಬಲ್ಬಿನ ಹತ್ರ ನನ್ನ ದನಿ ಸಣ್ಣ ಆಗಿದೆ. ಅಲ್ಲಿ ಡ್ರಮ್ ಕಮ್ಮಿ ಮಾಡ್ಬೇಕಿತ್ತು."

ಈಗ ಆ ಕೋಣೆಯಲ್ಲಿ ಕಿಟಕಿಯ ಪಕ್ಕ ನನಗೂ ಒಂದು ಕುರ್ಚಿ ಇದೆ, ಎದುರಿಗೆ ಮೈಕು. ಬಾಗಿಲಿಗೆ ಒಳಗಿನಿಂದ ಚಿಲಕವನ್ನೂ ನಾನೇ ನಿಂತು ಹಾಕಿಸಿದ್ದೇನೆ. ಪ್ರಾಕ್ಟೀಸ್ ನಡೆಯುವಾಗ ಯಾರಾದರೂ ಸುಮ್ಮಸುಮ್ಮನೆ ಮೇಲೆ ಬಂದು ಕೂಗಾಡಿದರೆ ನನಗೆ ಆಗುವುದಿಲ್ಲ.