ನೆಲದ ಕಿವಿಗೆ ಬೀಳದ ಹಾಗೆ

ನಮ್ಮತ್ತೆ ಸುಳ್ಳು ಹೇಳುವವಳಲ್ಲ. ಆದರೆ ತನ್ನ ಹೊಲದಲ್ಲಿ ನಿಂತಿದ್ದಾಗ ಅವಳ ಬಾಯಿಂದ ನಿಜ ಹೊರಡಿಸುವುದು ಸರ್ಕಾರದ ಕೈಯಲ್ಲೂ ಆಗಲಿಲ್ಲ.

ಅಪ್ಪನ ಅಕ್ಕ ಅವಳು. ಬೆಟ್ಟದ ಮೇಲಿನ ಕೆತ್ತಿ ಕಣಿವೆಯ ನಮ್ಮ ಹಟ್ಟಿಯಲ್ಲಿ ಒಂದು ತುಂಡು ಆಲೂಗಡ್ಡೆ ಹೊಲ ಇಟ್ಟುಕೊಂಡು ಚಕ್ರವರ್ತಿಯ ಹಾಗೆ ಆಳಿದವಳು. ಹೊಲದೊಳಗೆ ಹೊಲದ ಬಗ್ಗೆ ಕೆಟ್ಟ ಮಾತಾಡಬಾರದು ಎಂಬುದು ಅಲ್ಲಿಯ ಕಾಯಿದೆ. ಗಿಡ ಸೊರಗಿದೆ ಅನ್ನುವಂತಿಲ್ಲ, ಹುಳ ಬಿದ್ದಿದೆ ಅನ್ನುವಂತಿಲ್ಲ. ಅಂಥದ್ದೇನಿದ್ದರೂ ಕಲ್ಲುಗೋಡೆಯಾಚೆ ಹೋಗಿ ಪಿಸುಗುಟ್ಟಬೇಕು. ಕೇಳಿಸಿಕೊಂಡರೆ ನೆಲ ಎದೆಗುಂದುತ್ತದಂತೆ.

ಕಾಲೇಜಿನ ಚರ್ಚಾಕೂಟದಲ್ಲಿ ದೇವರನ್ನೇ ಸೋಲಿಸಿ ರಜೆಗೆ ಬಂದಿದ್ದ ನಾನು ಬಿಡುತ್ತೇನೆಯೇ?

"ಮಣ್ಣಿಗೆ ಕಿವಿ ಎಲ್ಲಿದೆ ಅತ್ತೆ?"

"ನಿನಗೆ ಎರಡಿವೆಯಲ್ಲ, ಒಂದು ದಿನವಾದರೂ ನನ್ನ ಮಾತು ಕೇಳಿದ್ದೀಯಾ?"



ಆ ವರ್ಷ ಇಬ್ಬನಿ ಹೆಪ್ಪುಗಟ್ಟಿ ಹಿಮ ಬಿತ್ತು. ಬೆಳಗಾಗುವಷ್ಟರಲ್ಲಿ ಕಣಿವೆಯೆಲ್ಲ ಬೆಳ್ಳಗೆ; ಬಿಸಿಲೇರುವಷ್ಟರಲ್ಲಿ ಗಿಡವೆಲ್ಲ ಕಪ್ಪಗೆ. ಬೆಳೆ ಕಳೆದುಕೊಂಡವರಿಗೆ ಸರ್ಕಾರ ಪರಿಹಾರ ಕೊಡುತ್ತದೆ, ಬಿಳಿಯ ದೊರೆಯೇ ಹೊಲಕ್ಕೆ ಬಂದು ವಿಚಾರಿಸುತ್ತಾನೆ ಎಂದು ಸುದ್ದಿ ಬಂತು. ಕಣ್ಣಿಗೆ ಕಂಡರೆ ಸಾಲದು, ನಷ್ಟವಾಗಿದೆ ಎಂಬ ಮಾತು ಹೊಲದವರ ಬಾಯಿಂದಲೇ ಬರಬೇಕು; ಸರ್ಕಾರಕ್ಕೂ ಅದರದೇ ಕಾಯಿದೆ ಇರುತ್ತದಲ್ಲ. ಅತ್ತೆಯ ಬಳಿ ಬಿತ್ತನೆ ಗಡ್ಡೆ ಉಳಿದಿರಲಿಲ್ಲ. ಪರಿಹಾರ ಬಾರದಿದ್ದರೆ ಹೊಲ ಬೀಳು, ಚಕ್ರವರ್ತಿನಿ ಯಾರದೋ ಎಸ್ಟೇಟಿನಲ್ಲಿ ಟೀ ಎಲೆ ಕೀಳಬೇಕು.

ದೊರೆ ಬಂದ. ದುಭಾಷಿ ನಾನೇ.

"ಬೆಳೆ ಹೇಗಿದೆಯೆಂದು ಕೇಳು" ಎಂದ. ಕೇಳಿದೆ.

ಹಿಮಕ್ಕೆ ಸುಟ್ಟ ಗಿಡಗಳ ನಡುವೆ ನಿಂತು ಅತ್ತೆ ನಗುನಗುತ್ತ ಅಂದಳು: "ಚೆನ್ನಾಗಿದೆ."

ನನ್ನ ಜೀವ ಹೋಯಿತು. ಇಂಗ್ಲಿಷಿನಲ್ಲಾದರೂ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅತ್ತೆ ನನ್ನ ತೋಳು ಚಿವುಟಿದಳು.

"ನೆಲಕ್ಕೆ ಇಂಗ್ಲಿಷ್ ಬರಲ್ಲ ಅಂದ್ಕೊಂಡ್ಯಾ? ಆಲೂಗಡ್ಡೆ ಬಂದದ್ದೇ ಅವರ ಊರಿಂದ. ನಿನಗಿಂತ ಚೆನ್ನಾಗಿ ತಿಳಿಯುತ್ತೆ."

ತರ್ಕ ನೋಡಿ! ಎಲ್ಲಿ ಹಿಡಿದು ಮುರಿಯುತ್ತೀರಿ?

ಅಷ್ಟರಲ್ಲಿ ಅವಳು ದೊರೆಯ ಕೋಟಿನ ತೋಳು ಹಿಡಿದು ಹೊರಟೇಬಿಟ್ಟಿದ್ದಳು. ಗೋಡೆ ದಾಟಿ, ಹಳ್ಳ ದಾಟಿ, ದಿಬ್ಬದ ಮರೆಗೆ. ಹುಲಿ ತೋರಿಸುತ್ತಾಳೆಂದುಕೊಂಡನೋ ಏನೋ, ದೊರೆ ಸದ್ದಿಲ್ಲದೆ ಹಿಂಬಾಲಿಸಿದ. ಅಲ್ಲಿ ಅವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಎಲ್ಲ ಹೋಯ್ತು ಮಗನೇ. ಬಿತ್ತೋಕೆ ಒಂದು ಗಡ್ಡೆಯೂ ಇಲ್ಲ."

ಇನ್ನೊಂದು ಕಿವಿಗೆ ನಾನು ಅನುವಾದ ಪಿಸುಗುಟ್ಟಿದೆ. ಏಕೆ ಪಿಸುಗುಟ್ಟಿದೆನೋ, ಇವತ್ತಿಗೂ ತಿಳಿಯದು.

"ಇದನ್ನು ಅಲ್ಲೇ ಏಕೆ ಹೇಳಲಿಲ್ಲ?" ಎಂದ ದೊರೆ, ತಾನೂ ಪಿಸುದನಿಯಲ್ಲಿ. ಕಾರಣ ಹೇಳಿದೆ. ಅವನು ನಗಲಿಲ್ಲ. ಹಿಂದಿರುಗುವಾಗ ಹೊಲದ ನಡುವೆ ನಿಂತು, ಟೋಪಿ ತೆಗೆದು, "ಬಹಳ ಒಳ್ಳೆಯ ಹೊಲ" ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದ.

ನಾನು ಅನುವಾದಕ್ಕೆ ಹೊರಟರೆ ಅತ್ತೆ ತಡೆದಳು. "ಬೇಡ. ಯಾರಿಗೆ ಹೇಳಿದನೋ ಅವರಿಗೆ ಕೇಳಿಸಿತು."

ಪರಿಹಾರ ಬಂತು. ಬಿತ್ತನೆಯೂ ಆಯಿತು.

ಕಳೆದ ಮಳೆಗಾಲ ಅತ್ತೆ ಹಾಸಿಗೆ ಹಿಡಿದಳು. ಹತ್ತಿರದ ವೆಲ್ಲಿಂಗ್ಟನ್ ಪೇಟೆಯಿಂದ ಡಾಕ್ಟರನ್ನು ಕರೆತಂದೆ. ಅವರು ನಾಡಿ ನೋಡಿ, ಮುಖ ಗಂಭೀರ ಮಾಡಿಕೊಂಡು, ಅವಳೆದುರೇ "ನೋಡಪ್ಪ, ಇವರ ಸ್ಥಿತಿ…" ಎಂದು ಶುರುಮಾಡಿದರು.

"ಚೆನ್ನಾಗಿದೆ" ಎಂದೆ ಗಟ್ಟಿಯಾಗಿ. ಅವರ ಕೋಟಿನ ತೋಳು ಹಿಡಿದು ಹೊರಗೆಳೆದೆ.

ಹೊಸ್ತಿಲು ದಾಟುವಾಗ ಒಳಗಿನಿಂದ ಸಣ್ಣ ದನಿ ಬಂತು:

"ಗೋಡೆಯಾಚೆಗೆ ಕರ್ಕೊಂಡು ಹೋಗೋ. ಇಲ್ಲಿ ಕೇಳಿಸುತ್ತೆ."